ಟೀಚರ ಬಸ್ಸಿನ ಒಳ್ಳೆಯ ಹೆಸರು

ಕಳೆದ ತಿಂಗಳು ಟೀಚರ್ ತಮ್ಮ ಬಸ್ಸುಗಳನ್ನು ಮಾರಿದರು. ನಮ್ಮ ಕಡೆ ಖಾಸಗಿ ಬಸ್ಸೊಂದು ಕೈ ಬದಲಾಯಿಸಿತೆಂದರೆ ಮೊದಲು ಬರುವವನು ಪೈಂಟರ್. ಹಳೆಯ ಹೆಸರನ್ನು ಒರೆಸಿ, ಹೊಸ ಧನಿಗಳ ಮನೆದೇವರ ಹೆಸರನ್ನೋ ಮಗಳ ಹೆಸರನ್ನೋ ಬರೆದ ಮೇಲೆಯೇ ಬಸ್ಸು ರಸ್ತೆಗಿಳಿಯುವುದು. ಈ ಬಾರಿ ಹಾಗಾಗಲಿಲ್ಲ. "ಹೆಸರು ತೆಗೆಯುವುದಿದ್ದರೆ ನನಗೆ ಬಸ್ಸೇ ಬೇಡ" ಎಂದರಂತೆ ಕೊಂಡವರು. ಪುಂಜಾಲಕಟ್ಟೆಯ ನನ್ನ ಅಂಗಡಿಗೆ ಬಂದು ಈ ಸುದ್ದಿ ಹೇಳಿದವನು ಕಂಡಕ್ಟರ್ ಉಮೇಶ. ಹೇಳುವಾಗ ಅವನ ಮುಖ ನೋಡಬೇಕಿತ್ತು. ಬಸ್ಸನ್ನು ಅವನೇ ಮಾರಿ ಅವನೇ ಕೊಂಡುಕೊಂಡ ಹಾಗಿತ್ತು.

ಟೀಚರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ. ಅಲ್ಲದೆ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಡ್ರೈವರುಗಳಿಗೂ ಟೀಚರ್, ಪೆಟ್ರೋಲ್ ಬಂಕಿನವರಿಗೂ ಟೀಚರ್, ತರಕಾರಿ ಮಾರುವ ಹೆಂಗಸಿಗೂ ಟೀಚರ್. ಬಸ್ಸಿನ ಹಣೆಯ ಮೇಲೆ ಬೇರೆಯೇ ಹೆಸರು ಬರೆದಿದ್ದರೂ ಜನರ ಬಾಯಲ್ಲಿ ಅದು 'ಟೀಚರ ಬಸ್ಸು'.

ಅವರು ಮೂಡುಬಿದಿರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವರು. ಬಸ್ಸಿನ ವ್ಯವಹಾರ ಗಂಡನದ್ದು. ಬೆಳ್ತಂಗಡಿಯಿಂದ ಪುಂಜಾಲಕಟ್ಟೆ ಮಾರ್ಗವಾಗಿ ಬಂಟ್ವಾಳಕ್ಕೆ ಹೋಗಿ ಬರುವ ಬಸ್ಸುಗಳು. ಗಂಡ ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ಉತ್ತರಕ್ರಿಯೆ ಮುಗಿಯುವ ಮೊದಲೇ ನೆಂಟರು ಬಸ್ಸು ಮಾರುವ ಮಾತು ತೆಗೆದರು. ಬಸ್ಸಿನ ಲೈನಿನಲ್ಲಿ ಬೆಳಗಾದರೆ ಟೈಮಿಂಗಿನ ಜಗಳ, ಸಂಜೆಯಾದರೆ ಗ್ಯಾರೇಜಿನ ತಾಪತ್ರಯ, ಅದು ಹೆಂಗಸರು ನಿಭಾಯಿಸುವ ಕೆಲಸವಲ್ಲ ಎಂದು ಅವರ ವಾದ. ಟೀಚರ್ ಎಲ್ಲವನ್ನೂ ಕೇಳಿಸಿಕೊಂಡರು. ಕೇಳಿಸಿಕೊಂಡು ಶಾಲೆಗೆ ಸ್ವಯಂ ನಿವೃತ್ತಿಯ ಅರ್ಜಿ ಕೊಟ್ಟರು. ಅದು ಮಂಜೂರಾದ ಮರುದಿನವೇ ಬೆಳ್ತಂಗಡಿಯ ಬಸ್ ಆಫೀಸಿನಲ್ಲಿ ಗಂಡನ ಕುರ್ಚಿಯಲ್ಲಿ ಕೂತಿದ್ದರು. ಹೆದರಿಕೆ ಆಗಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕೊನೆಯ ಪೀರಿಯಡಿನಲ್ಲಿ ವ್ಯಾಕರಣ ಮಾಡಿದವಳು ನಾನು. ಡ್ರೈವರ್ ಕಂಡಕ್ಟರುಗಳಿಗೆ ಹೆದರ್ತೇನಾ?" ಎಂದಿದ್ದರು.

ನನ್ನದು ಫ್ಲೆಕ್ಸ್ ಮತ್ತು ಡಿಟಿಪಿ ಅಂಗಡಿ. ಜೊತೆಗೆ ಊರಿನ ಕೆಲವು ಅಂಗಡಿ, ಹಾಲ್, ಕ್ಯಾಟರಿಂಗಿನವರ ಫೇಸ್‌ಬುಕ್ ಪುಟ, ಇನ್‌ಸ್ಟಾಗ್ರಾಂ ಎಲ್ಲ ನೋಡಿಕೊಳ್ಳುತ್ತೇನೆ. ಟೀಚರ್ ಮೊದಲ ಸಲ ನನ್ನಲ್ಲಿಗೆ ಬಂದದ್ದು ಬಸ್ಸಿನಿಂದ ಇಳಿದು ನೇರವಾಗಿ. ಹತ್ತಿಯ ಸೀರೆ, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಫೋನು.

"ಇದರಲ್ಲಿ ನಮ್ಮ ಬಸ್ಸಿಗೆ ಯಾರೋ ಬೈದಿದ್ದಾರಂತೆ. ಎಲ್ಲಿ ಉಂಟು, ತೋರಿಸಿ."

ಹುಡುಕಿ ಕೊಟ್ಟೆ. ನಮ್ಮ ಜಿಲ್ಲೆಯಲ್ಲಿ ಬಸ್ಸುಗಳಿಗೂ ಅಭಿಮಾನಿಗಳಿದ್ದಾರೆ. ತಿರುವಿನಲ್ಲಿ ಕಾದು ನಿಂತು, ಬಸ್ಸು ವಾಲಿಕೊಂಡು ಬರುವುದನ್ನು ವಿಡಿಯೋ ಮಾಡಿ, ಹಾಡು ಸೇರಿಸಿ ಹಾಕುತ್ತಾರೆ. ಅಂಥದ್ದೊಂದು ವಿಡಿಯೋದ ಕೆಳಗೆ ಒಬ್ಬ ವಿದ್ಯಾರ್ಥಿನಿ ಬರೆದಿದ್ದಳು: ಈ ಬಸ್ಸು ನೋಡಲಿಕ್ಕೆ ಮಾತ್ರ ಚಂದ, ಕಾಲೇಜು ಮಕ್ಕಳು ಕೈ ತೋರಿಸಿದರೆ ನಿಲ್ಲಿಸುವುದಿಲ್ಲ.

"ಇದನ್ನು ತೆಗೆಸ್ಬಹುದು ಟೀಚರ್. ರಿಪೋರ್ಟ್ ಮಾಡುವ," ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಬೈದವರ ಬಾಯಿ ಮುಚ್ಚಿಸ್ಲಿಕ್ಕೆ ಬಂದದ್ದಲ್ಲ ನಾನು. ಬೈದದ್ದು ಸರಿಯಾ ಅಂತ ನೋಡ್ಲಿಕ್ಕೆ ಬಂದದ್ದು."

ಮರುದಿನ ಬೆಳಿಗ್ಗೆ ಕಾಲೇಜು ಮಕ್ಕಳು ಬಸ್ಸು ಕಾಯುವ ಸ್ಟಾಪಿನಲ್ಲಿ ಅವರ ಹಿಂದೆ ಟೀಚರ್ ಕೊಡೆ ಹಿಡಿದು ನಿಂತಿದ್ದರು. ಅವರ ಬಸ್ಸು ಬಂತು. ಮಕ್ಕಳು ಕೈ ತೋರಿಸಿದರು. ಬಸ್ಸು ನಿಲ್ಲದೆ ಹೋಯಿತು. ಸ್ವಂತ ಬಸ್ಸಿನ ಹೊಗೆ ಕುಡಿದು ಹಿಂದಿನ ಬಸ್ಸಿನಲ್ಲಿ ಬೆಳ್ತಂಗಡಿಗೆ ಬಂದ ಟೀಚರ್, ಡ್ರೈವರನ್ನು ಕರೆದು ಏನು ಹೇಳಿದರೋ ಗೊತ್ತಿಲ್ಲ. ಮರುದಿನದಿಂದ ಬಸ್ಸು ನಿಲ್ಲತೊಡಗಿತು. ಆ ಹುಡುಗಿಯ ಮಾತಿನ ಕೆಳಗೆ ಟೀಚರ್ ಬರೆಸಿದರು: "ನೀವು ಹೇಳಿದ್ದು ನಿಜ. ಇಂದು ನಾನೇ ನಿಂತು ನೋಡಿದೆ. ನನ್ನನ್ನೂ ಬಿಟ್ಟು ಹೋಯಿತು. ನಾಳೆಯಿಂದ ನಿಲ್ಲುತ್ತದೆ. ನಿಲ್ಲದಿದ್ದರೆ ಇಲ್ಲೇ ಬರೆಯಿರಿ."

ಹಾಗೆ ಶುರುವಾಯಿತು. ಬಸ್ಸಿನ ಹೆಸರಲ್ಲಿ ನಾನೊಂದು ಫೇಸ್‌ಬುಕ್ ಪುಟ ಮಾಡಿಕೊಟ್ಟೆ. ಅಲ್ಲಿಂದ ಮುಂದೆ ಬಸ್ಸಿನ ಪುಟಕ್ಕೆ ಬರುವ ಪ್ರತಿ ದೂರಿಗೂ ಉತ್ತರ ಹೋಗುತ್ತಿತ್ತು. ಉತ್ತರ ಅವರದ್ದು, ಟೈಪಿಂಗ್ ನನ್ನದು. ದೂರುಗಳನ್ನು ಅವರು ಗಟ್ಟಿಯಾಗಿ ಓದುವ ರೀತಿಯೇ ಒಂದು ಚಂದ. ಫೋನನ್ನು ಕೈಯಳತೆ ದೂರ ಹಿಡಿದು, ಬೈಗುಳವನ್ನು ಸಹ ಪಾಠದ ಹಾಗೆ, ಅಲ್ಪವಿರಾಮಕ್ಕೆ ನಿಂತು ನಿಂತು ಓದುತ್ತಿದ್ದರು. ಗಿರಾಕಿಗಳು ಫ್ಲೆಕ್ಸಿನ ಕೆಲಸ ಮರೆತು ಕೇಳುತ್ತಿದ್ದರು.

ಕನ್ನಡ ಟೀಚರ ಕೈ ಸುಮ್ಮನಿರುವುದಿಲ್ಲ. ಒಬ್ಬ 'ಕಂಡಕ್ಟರ್ ಧುರಹಂಕಾರಿ' ಎಂದು ಬರೆದಾಗ, "ದುರಹಂಕಾರಕ್ಕೆ ಮಹಾಪ್ರಾಣ ಬೇಡ. ಉಳಿದಂತೆ ನಿಮ್ಮ ಮಾತು ಸರಿ, ಅವರೊಡನೆ ಮಾತಾಡಿದ್ದೇನೆ" ಎಂದು ಬರೆಸಿದರು. ಜನಕ್ಕೆ ಭಾರಿ ಖುಷಿಯಾಯಿತು. ಟೀಚರಿಂದ ತಿದ್ದಿಸಿಕೊಳ್ಳಲಿಕ್ಕೆಂದೇ ತಪ್ಪು ತಪ್ಪಾಗಿ ದೂರು ಬರೆಯುವವರು ಹುಟ್ಟಿಕೊಂಡರು. ಪುಟಕ್ಕೆ ಬರುವವರು ಹೆಚ್ಚಾದರೆಂದು ನಾನೂ ಹಿಗ್ಗಿದೆ. ಆದರೆ ಒಮ್ಮೆ ಕಟ್ಟಡ ಕೆಲಸದ ಒಬ್ಬಾತ, ಹೊರಗಿನಿಂದ ಬಂದು ಇಲ್ಲಿ ಕನ್ನಡ ಕಲಿತವನು, ತನ್ನ ಸಾಮಾನಿನ ಚೀಲ ಬಸ್ಸಿನಲ್ಲೇ ಉಳಿದುಹೋಯಿತೆಂದು ತಡವರಿಸುತ್ತ ಬರೆದಿದ್ದ. ಟೀಚರ್ ಅಭ್ಯಾಸಬಲದಿಂದ ಅದರಲ್ಲೂ ಒಂದು ಅಕ್ಷರ ತಿದ್ದಿದರು. ಓದಿದವರೆಲ್ಲ ಅವನನ್ನು ನೋಡಿ ನಗುವ ಚಿತ್ರಗಳನ್ನು ಹಾಕಿದರು. ಅವನು ಮತ್ತೆ ಮಾತೇ ಆಡಲಿಲ್ಲ.

ಆ ದಿನ ಟೀಚರ ಮುಖ ಕಪ್ಪಿಟ್ಟಿತ್ತು. "ನಾನು ಮಾಡಿದ್ದು ಸರಿಯಾಗಲಿಲ್ಲ ಮಾರಾಯ್ರೆ. ಅವನಿಗೆ ಬೇಕಾದದ್ದು ಚೀಲ. ನಾನು ಕೊಟ್ಟದ್ದು ಅಕ್ಷರ." ಅದನ್ನೇ ಪುಟದಲ್ಲೂ ಬರೆಸಿದರು, ಅವನ ಕ್ಷಮೆ ಕೇಳಿ. ಚೀಲ ಹುಡುಕಿಸಿ ಅವನು ಕೆಲಸ ಮಾಡುವಲ್ಲಿಗೇ ಮುಟ್ಟಿಸಿದರು. ಆಮೇಲೆ ಯಾರ ಕಾಗುಣಿತವನ್ನೂ ತಿದ್ದಲಿಲ್ಲ.

ಅವರು ತಿದ್ದಬೇಕೆಂದರೂ ತಪ್ಪು ಸಿಗದಂಥ ದೂರುಗಾರರೊಬ್ಬರಿದ್ದರು. ಅಳದಂಗಡಿಯ ಒಬ್ಬ ಜೈನ ಯಜಮಾನರು. ಕೋರ್ಟು, ಬ್ಯಾಂಕು ಎಂದು ಆಗಾಗ ಬಂಟ್ವಾಳಕ್ಕೆ ಹೋಗುವವರು. ಕಿಟಕಿಯ ಗಾಜು ಸರಿಯುವುದಿಲ್ಲ, ಹಾಡಿನ ಸದ್ದು ಹೆಚ್ಚು, ಹಿರಿಯರಿಗೆ ಮೆಟ್ಟಿಲು ಎತ್ತರ ಎಂದು ಅಚ್ಚುಕಟ್ಟಾದ ಕನ್ನಡದಲ್ಲಿ, 'ಮಾನ್ಯರೇ' ಎಂದು ಆರಂಭಿಸಿ ಬರೆಯುತ್ತಿದ್ದರು. ಒಮ್ಮೆಯೂ ಒಳ್ಳೆಯ ಮಾತು ಬರೆದವರಲ್ಲ. ಟೀಚರ್ ಅವರಿಗೂ ತಪ್ಪದೆ ಉತ್ತರಿಸುತ್ತಿದ್ದರು. ಗಾಜು ಸರಿಮಾಡಿಸಿದರು, ಹಾಡು ತಗ್ಗಿಸಿದರು. ಮೆಟ್ಟಿಲಿನ ಬಗ್ಗೆ ಮಾತ್ರ, "ಅದು ಕಂಪನಿಯವರು ಮಾಡಿದ್ದು, ನನ್ನಿಂದ ಆಗುವುದಿಲ್ಲ. ಕೈ ಹಿಡಿದು ಹತ್ತಿಸಲು ಕಂಡಕ್ಟರಿಗೆ ಹೇಳಿದ್ದೇನೆ" ಎಂದರು.

ಈ ನಡುವೆ ಮಂಗಳೂರಿನಿಂದ ಟೈ ಕಟ್ಟಿದ ಒಬ್ಬ ಯುವಕ ಆಫೀಸಿಗೆ ಬಂದಿದ್ದ. ಬಸ್ಸಿಗೆ ಐದು ಸ್ಟಾರಿನ ಅಭಿಪ್ರಾಯಗಳನ್ನು ರಾಶಿ ರಾಶಿ ಹಾಕಿಸಿಕೊಡುವುದು ಅವನ ಕಂಪನಿಯ ಕೆಲಸ. ಟೀಚರ್ ಅವನಿಗೆ ಚಹಾ ಕೊಟ್ಟು, ಎಲ್ಲ ಕೇಳಿ, ಕೊನೆಗೆ ವಿಚಾರಿಸಿದರು.

"ಈ ಸ್ಟಾರ್ ಕೊಡುವವರೆಲ್ಲ ನಮ್ಮ ಬಸ್ಸಲ್ಲಿ ಕೂತವರಾ?"

"ಹಾಗೇನಿಲ್ಲ ಮೇಡಂ."

"ಹೋಗ್ಲಿ, ನಿಂತವರಾ?"

ಯುವಕ ಚಹಾ ಮುಗಿಸಿ ಎದ್ದ.

ಇಷ್ಟೆಲ್ಲ ಹೇಳಿದ್ದು ಟೀಚರ್ ಎಂಥವರೆಂದು ತಿಳಿಯಲಿ ಎಂದು. ಅವರನ್ನು ಒರೆಗೆ ಹಚ್ಚಿದ ಆ ವಾರ ಬಂದದ್ದು ಇದಾದ ಮೇಲೆ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ನನ್ನ ಫೋನಿಗೆ ಒಂದೇ ವಿಡಿಯೋ ಎಲ್ಲ ಕಡೆಯಿಂದ ಬರತೊಡಗಿತು. ಹಿಂದಿನಿಂದ ಬರುತ್ತಿದ್ದ ಕಾರಿನೊಳಗಿಂದ ತೆಗೆದ ತುಣುಕು. ರಸ್ತೆಯ ನಡುವೆ ಟೀಚರ ಬಸ್ಸು ನಿಂತಿದೆ. ಸ್ಟಾಪೂ ಅಲ್ಲ, ಪೇಟೆಯೂ ಅಲ್ಲ. ಉಮೇಶ ಒಬ್ಬ ಅಜ್ಜಿಯ ತೋಳು ಹಿಡಿದು ಹಿಂಬಾಗಿಲಿನಿಂದ ಇಳಿಸುತ್ತಿದ್ದಾನೆ. "ಜಪ್ಪುಲೆ! ಬೇಗ ಜಪ್ಪುಲೆ!" ಎಂದು ತುಳುವಿನಲ್ಲಿ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಾನೆ, ಇಳಿಯಿರಿ ಬೇಗ ಇಳಿಯಿರಿ ಎಂದು. ಅಜ್ಜಿಯ ಚೀಲ ಧೊಪ್ಪೆಂದು ನೆಲಕ್ಕೆ ಬೀಳುತ್ತದೆ. ಅಜ್ಜಿ ದಿಕ್ಕು ತೋಚದೆ ನಿಲ್ಲುತ್ತಾರೆ. ಅಲ್ಲಿಗೆ ಮುಗಿಯಿತು. ಮೇಲೆ ಬರೆದಿತ್ತು: 'ಚಿಲ್ಲರೆ ಕೊಡಲಿಲ್ಲವೆಂದು ಅಜ್ಜಿಯನ್ನು ನಡುದಾರಿಯಲ್ಲಿ ಎಳೆದು ಹಾಕಿದ ಕಂಡಕ್ಟರ್. ಈ ಬಸ್ಸು ನಮ್ಮೂರಿಗೆ ಬೇಕಾ?'

ಮಧ್ಯಾಹ್ನದ ಹೊತ್ತಿಗೆ ಗಲ್ಫಿನಲ್ಲಿರುವ ನನ್ನ ಭಾವ ಫೋನು ಮಾಡಿ, ಎಂಥ ಬಸ್ಸು ಮಾರಾಯ ನಿಮ್ಮದು ಎಂದು ಕೇಳಿದರು. ಪುಟದಲ್ಲಿ ಓದಲಾರದಂಥ ಮಾತುಗಳು. ಉಮೇಶನ ಮುಖವನ್ನು ದೊಡ್ಡದು ಮಾಡಿ, ಇವನು ಸಿಕ್ಕಿದಲ್ಲಿ ಹೊಡೆಯಿರಿ ಎಂದು ಬರೆದಿದ್ದರು. ಅವನ ಮಗಳು ಶಾಲೆಯಿಂದ ಅತ್ತುಕೊಂಡು ಮನೆಗೆ ಬಂದಿದ್ದಳು.

ನಾನು ಬೆಳ್ತಂಗಡಿಯ ಆಫೀಸಿಗೆ ಓಡಿದೆ. ಟೀಚರ ಎದುರು ಉಮೇಶ ತಲೆ ತಗ್ಗಿಸಿ ನಿಂತಿದ್ದ. ಟೀಚರ ಮೈದುನ ಸಹ ಬಂದಿದ್ದರು.

"ಮೊದಲಿನಿಂದ ಹೇಳು," ಎಂದರು ಟೀಚರ್.

ಉಮೇಶ ಹೇಳಿದ್ದು ಇಷ್ಟು. ಬೆಳ್ತಂಗಡಿಯಿಂದ ಬರುವ ದಾರಿ ಗುರುವಾಯನಕೆರೆಯಲ್ಲಿ ಒಡೆಯುತ್ತದೆ, ಒಂದು ಬಂಟ್ವಾಳಕ್ಕೆ, ಇನ್ನೊಂದು ಮೂಡುಬಿದಿರೆಗೆ. ಆ ಅಜ್ಜಿ ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿದರು. ಟಿಕೆಟ್ ಕೇಳುವಾಗ ಬೆದ್ರ ಎಂದರು. ಮೂಡುಬಿದಿರೆಗೆ ನಮ್ಮಲ್ಲಿ ಹಾಗೇ ಹೇಳುವುದು. ಬಸ್ಸು ಅಷ್ಟು ಹೊತ್ತಿಗೆ ಬಂಟ್ವಾಳದ ದಾರಿಯಲ್ಲಿ ತುಂಬಾ ಮುಂದೆ ಬಂದಿತ್ತು. ಟೀಚರದ್ದೇ ಇನ್ನೊಂದು ಬಸ್ಸು ಎದುರಿನಿಂದ ಬರುವ ಹೊತ್ತು ಅದು. ಉಮೇಶ ಅದರ ಕಂಡಕ್ಟರಿಗೆ ಫೋನು ಮಾಡಿ, ರಸ್ತೆಯಲ್ಲೇ ನಿಲ್ಲಿಸಿ ಅಜ್ಜಿಯನ್ನು ಹತ್ತಿಸಿಕೊಂಡು ಗುರುವಾಯನಕೆರೆಯಲ್ಲಿ ಮೂಡುಬಿದಿರೆ ಬಸ್ಸಿಗೆ ಕೂರಿಸಲು ಹೇಳಿದ. ಎರಡು ಬಸ್ಸೂ ಪಕ್ಕಪಕ್ಕ ನಿಂತವು.

"ಅಜ್ಜಿಗೆ ಕಿವಿ ಕೇಳುವುದಿಲ್ಲ ಟೀಚರ್. ಮೆಲ್ಲ ಹೇಳಿದ್ರೆ ನೆಗಾಡ್ತಾರೆ ಅಷ್ಟೆ. ಹಿಂದೆಯೂ ಮುಂದೆಯೂ ಹಾರ್ನ್. ಅದಕ್ಕೆ ಬೊಬ್ಬೆ ಹಾಕಿದ್ದು. ಆಮೇಲೆ ಕೈ ಹಿಡಿದು ಆಚೆ ದಾಟಿಸಿ ಆ ಬಸ್ಸಿಗೆ ಹತ್ತಿಸಿದ್ದೂ ನಾನೇ. ವಿಡಿಯೋದಲ್ಲಿ ಅದು ಇಲ್ಲ. ಆ ಬಸ್ಸು ಸಹ ಕಾಣುವುದಿಲ್ಲ, ನಮ್ಮ ಬಸ್ಸು ಅಡ್ಡ ಉಂಟು."

"ಚೀಲ ಎಸೆದದ್ದು ಹೌದಾ?"

"ಎಸೆದದ್ದಲ್ಲ ಟೀಚರ್. ಇಟ್ಟದ್ದು." ಸ್ವಲ್ಪ ತಡೆದು, "ಜೋರಾಗಿ ಇಟ್ಟದ್ದು," ಎಂದ.

ಟೀಚರ ಮೈದುನ ಅವಸರದಲ್ಲಿದ್ದರು. "ಅತ್ತಿಗೆ, ಇವನು ಹೇಳುವುದು ಸತ್ಯವೇ ಇರ್ಬಹುದು. ಆದ್ರೆ ಈಗ ಯಾರು ಕೇಳ್ತಾರೆ? ಇವನನ್ನು ಕೆಲಸದಿಂದ ತೆಗೆದಿದ್ದೇವೆ, ಕ್ಷಮಿಸಿ ಅಂತ ಹಾಕಿಬಿಡುವ. ವಾರ ಕಳೆದ್ರೆ ಜನ ಮರೀತಾರೆ. ಬೇಕಾದ್ರೆ ಮತ್ತೆ ಮೆಲ್ಲ ಸೇರಿಸಿಕೊಳ್ಳುವ."

ಬಸ್ಸು ಉಳಿಯಬೇಕಾದರೆ ಅದೇ ದಾರಿ ಎಂದು ನನಗೂ ಅನಿಸಿತ್ತು. ಅಂಥ ಎಷ್ಟೋ ಕ್ಷಮಾಪಣೆಗಳನ್ನು ನಾನು ಬೇರೆಯವರಿಗೆ ಬರೆದುಕೊಟ್ಟವನು. ನಾನೂ ಹೌದೆಂದು ತಲೆಯಾಡಿಸಿದೆ.

ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಇಷ್ಟು ವರ್ಷ ನಾವು ಮಾಡಿದ ತಪ್ಪಿಗೆಲ್ಲ ಕ್ಷಮೆ ಕೇಳಿದ್ದೇನೆ. ಈಗ ಮಾಡದ ತಪ್ಪಿಗೆ ಕೇಳಿದ್ರೆ ಆಗ ಕೇಳಿದ್ದು ಸಹ ಸುಳ್ಳಾಗ್ತದೆ. ಉಮೇಶ ನಾಳೆ ಕೆಲಸಕ್ಕೆ ಬರ್ತಾನೆ. ನಾನೂ ಬರ್ತೇನೆ."

ನನ್ನ ಕಡೆ ತಿರುಗಿ ಬರೆಸಿದರು: "ವಿಡಿಯೋದಲ್ಲಿರುವುದು ನಮ್ಮದೇ ಬಸ್ಸು, ನಮ್ಮದೇ ಕಂಡಕ್ಟರ್. ಅಜ್ಜಿ ತಪ್ಪಿ ಹತ್ತಿದ್ದರು, ಎದುರಿನ ನಮ್ಮ ಬಸ್ಸಿಗೆ ಹತ್ತಿಸಲು ಇಳಿಸಿದೆವು ಎಂದು ಕಂಡಕ್ಟರ್ ಹೇಳುತ್ತಾರೆ. ನಾನು ಅದನ್ನು ನಂಬುತ್ತೇನೆ. ನೀವು ನಂಬಬೇಕಾಗಿಲ್ಲ. ಆ ಹೊತ್ತಿನಲ್ಲಿ ಬಸ್ಸಿನಲ್ಲಿದ್ದವರು ಕಂಡದ್ದನ್ನು ಇಲ್ಲಿ ಬರೆಯಿರಿ. ನಮಗೆ ವಿರೋಧವಾಗಿದ್ದರೂ ಬರೆಯಿರಿ. ಯಾವುದನ್ನೂ ಅಳಿಸುವುದಿಲ್ಲ."

ಅದರ ಕೆಳಗೆ ಮೊದಲು ಬಂದದ್ದೆಲ್ಲ ಬೈಗುಳವೇ. ಟೀಚರ್ ಕೊಟ್ಟ ಮಾತಿನಂತೆ ಒಂದನ್ನೂ ಅಳಿಸಲಿಲ್ಲ. ಅಳಿಸಲು ನನ್ನ ಬೆರಳು ತುರಿಸುತ್ತಿತ್ತು.

ಮರುದಿನ ಬೆಳಿಗ್ಗೆ ಉಮೇಶ ಬಂದ. ಟೀಚರ್ ಬಾಗಿಲಿನ ಪಕ್ಕದ ಸೀಟಿನಲ್ಲಿ ಕೂತರು. ನಾನೂ ಜೊತೆಗೆ ಹೋದೆ. ಯಾವಾಗಲೂ ಕಾಲಿಡಲು ಜಾಗವಿಲ್ಲದ ಆ ಟ್ರಿಪ್ಪಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಸ್ಟಾಪಿನಲ್ಲಿ ನಿಂತವರು ಬಸ್ಸು ಕಂಡು ಮುಖ ತಿರುಗಿಸುತ್ತಿದ್ದರು. ಉಮೇಶ ವಿಸಿಲ್ ಊದಿದರೆ ಅದೂ ಸಣ್ಣಗೆ ಕೇಳುತ್ತಿತ್ತು. ಒಂದು ಕಡೆ ಹತ್ತಾರು ಯುವಕರು ರಸ್ತೆಗೆ ಅಡ್ಡ ನಿಂತರು. ಅವರಲ್ಲೊಬ್ಬ ಬಾಗಿಲಿಗೆ ಬಡಿದು, "ಕಂಡಕ್ಟರನ್ನು ಇಳಿಸಿ!" ಎಂದ.

ಡ್ರೈವರ್ ಎಂಜಿನ್ ನಿಲ್ಲಿಸಿದ. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿನ ಮೇಲೆ ನಿಂತರು.

"ಇಳಿಸ್ತೇನೆ. ಇವನು ಇಳಿದ್ರೆ ನಾನೂ ಇಳೀತೇನೆ. ನಾನು ಇಳಿದ್ರೆ ಬಸ್ಸು ಇಲ್ಲೇ ನಿಲ್ತದೆ. ಒಳಗೆ ಆಸ್ಪತ್ರೆಗೆ ಹೋಗುವ ಬಸುರಿ ಇದ್ದಾಳೆ, ಪರೀಕ್ಷೆ ಬರೀಲಿಕ್ಕೆ ಹೋಗುವ ಹುಡುಗಿ ಇದ್ದಾಳೆ. ಯಾರು ಮೊದಲು ಇಳಿಯಬೇಕು ಅಂತ ನೀವೇ ಒಳಗೆ ಬಂದು ಅವರಿಗೆ ಹೇಳಿ."

ದನಿ ಏರಿಸಲಿಲ್ಲ. ಹಿಂದಿನ ಬೆಂಚಿನವರಿಗೂ ಕೇಳುವ ಹಾಗೆ ಹೇಳಿದರು ಅಷ್ಟೆ. ಬಾಗಿಲು ಬಡಿದವನು ಒಳಗೆ ಇಣುಕಿ ನೋಡಿ, ಮೆಲ್ಲ ಹಿಂದೆ ಸರಿದ. ದಾರಿ ಬಿಟ್ಟುಕೊಟ್ಟರು. ಟೀಚರ್ ಸೀಟಿಗೆ ಮರಳಿ ಕೂತಾಗ ಅವರ ಕೈ ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

ಬಂಟ್ವಾಳ ಮುಟ್ಟುವ ಮೊದಲೇ ನನ್ನ ಫೋನಿನಲ್ಲಿ ಒಂದು ಬರಹ ಕಂಡಿತು. 'ಮಾನ್ಯರೇ' ಎಂದು ಆರಂಭ. ಅಳದಂಗಡಿಯ ಯಜಮಾನರು!

ಈ ಹೊತ್ತಿನಲ್ಲೇ ಇವರ ದೂರೂ ಬರಬೇಕೇ ಎಂದುಕೊಂಡೆ. ಫೋನನ್ನು ಟೀಚರಿಗೆ ಕೊಟ್ಟೆ. ಅವರು ಎಂದಿನಂತೆ ಕೈಯಳತೆ ದೂರ ಹಿಡಿದು ಗಟ್ಟಿಯಾಗಿ ಓದತೊಡಗಿದರು.

"ಮಾನ್ಯರೇ, ಈ ಬಸ್ಸಿನ ಬಗ್ಗೆ ನನಗಿಂತ ಹೆಚ್ಚು ದೂರು ಬರೆದವರು ಯಾರೂ ಇರಲಾರರು. ಆ ದಿನ ನಾನು ಇದೇ ಬಸ್ಸಿನಲ್ಲಿದ್ದೆ. ಚಿಲ್ಲರೆಯ ಮಾತೇ ಬರಲಿಲ್ಲ. ವೃದ್ಧೆ ತಪ್ಪಾಗಿ ಹತ್ತಿದ್ದರು. ಕಂಡಕ್ಟರು ಅವರಿಂದ ಟಿಕೆಟಿನ ಹಣವನ್ನೂ ಪಡೆಯದೆ, ಎದುರಿನ ಬಸ್ಸನ್ನು ತಡೆದು, ಕೈ ಹಿಡಿದು ರಸ್ತೆ ದಾಟಿಸಿ ಹತ್ತಿಸಿದರು. ನಾನು ಕಿಟಕಿಯಿಂದ ಕಣ್ಣಾರೆ ಕಂಡಿದ್ದೇನೆ. ಆ ವೃದ್ಧೆ ನಮ್ಮೂರಿನವರು. ಮಗಳ ಮನೆ ತೋಡಾರಿನಲ್ಲಿದೆ, ಈಗ ಅಲ್ಲಿಯೇ ಇದ್ದಾರೆ. ಹೋಗಿ ಕೇಳಬಹುದು. ಇನ್ನೊಂದು ವಿಷಯ. ಹಿಂಬದಿಯ ಸೀಟಿನ ರೆಕ್ಸಿನ್ ಹರಿದಿದೆ."

ಕೊನೆಯ ಸಾಲಿಗೆ ಬಂದಾಗ ಟೀಚರ್ ತಿರುಗಿ ಹಿಂದಿನ ಸೀಟು ನೋಡಿದರು. ಬಸ್ಸಿನಲ್ಲಿದ್ದ ಕೆಲವೇ ಮಂದಿ ಚಪ್ಪಾಳೆ ತಟ್ಟಿದರು. ಉಮೇಶ ಮುಖ ಆಚೆ ತಿರುಗಿಸಿ ನಿಂತಿದ್ದ.

ಅದೇ ಮಧ್ಯಾಹ್ನ ನನ್ನ ಕಾರಿನಲ್ಲಿ ತೋಡಾರಿಗೆ ಹೋದೆವು. ಮೂಡುಬಿದಿರೆ ದಾಟಿ, ಮಂಗಳೂರು ರಸ್ತೆಯಲ್ಲಿ ಒಂದು ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದಾಗ ಮನೆ ಸಿಕ್ಕಿತು. ಅಜ್ಜಿ ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತ ಕೂತಿದ್ದರು. ಇಡೀ ಜಿಲ್ಲೆ ತಮ್ಮನ್ನು ನೋಡಿ ಮರುಗುತ್ತಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಮಗಳು ವಿಡಿಯೋ ನೋಡಿದ್ದಳಂತೆ. ಅಮ್ಮ ನೊಂದುಕೊಳ್ಳುತ್ತಾರೆಂದು ಹೇಳಿರಲಿಲ್ಲ. ಅಮ್ಮ ಬಂದವರು ಚೆನ್ನಾಗಿಯೇ ಇದ್ದಾರಲ್ಲ, ಇದು ಹೇಗೆ ಎಂದು ಅವಳಿಗೂ ಗೊಂದಲ.

ಟೀಚರ್ ಅಜ್ಜಿಯ ಪಕ್ಕ ಕೂತು ವಿಡಿಯೋ ತೋರಿಸಿದರು. ಅಜ್ಜಿ ಮೂಗು ತಾಗಿಸಿ ನೋಡಿದರು.

"ಉಂದು ಯಾನ್ ಅತ್ತಾ!" ಎಂದು ಕೂಗಿದರು, ಇದು ನಾನಲ್ಲವಾ ಎಂದು. ಆಮೇಲೆ ಬೇಸರದಿಂದ, "ಆ ಸೀರೆ ಉಡಬಾರದಿತ್ತು" ಎಂದರು.

ಮಗಳು ಕಿವಿಯ ಬಳಿ ಕಿರುಚಿ ವಿಷಯ ತಿಳಿಸಿದಳು. ಅಜ್ಜಿಯ ಮುಖದ ನಗು ಇಳಿಯಿತು. ಮಾತು ಶುರುವಾಗುವಾಗ ನಾನು ಅವಸರದಿಂದ ಫೋನು ಎತ್ತಿ ಹಿಡಿದೆ. ಟೀಚರ್ ನನ್ನ ಕೈ ತಗ್ಗಿಸಿದರು.

"ಮೊದಲು ಅವರನ್ನು ಕೇಳಿ. ಕೇಳದೆ ವಿಡಿಯೋ ಮಾಡಿದವನು ಒಬ್ಬ ಈಗಾಗಲೇ ಇದ್ದಾನೆ."

ಕೇಳಿದೆವು. ಅಜ್ಜಿ ಒಪ್ಪಿದರು. ಆದರೆ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು, ಬೊಟ್ಟು ಇಟ್ಟು ಬಂದರು. ಕುರ್ಚಿಯಲ್ಲಿ ನೆಟ್ಟಗೆ ಕೂತು, ನಾನು ಕೈ ಬೀಸಿದ ಕೂಡಲೇ ಬೊಬ್ಬೆ ಹಾಕುವ ದನಿಯಲ್ಲಿ ಶುರು ಮಾಡಿದರು. ಕಿವಿ ಕೇಳದವರ ದನಿ ಯಾವಾಗಲೂ ದೊಡ್ಡದು.

"ನನ್ನನ್ನು ಯಾರೂ ಎಳೆದು ಹಾಕಲಿಲ್ಲ. ನಾನು ಬೆದ್ರ ಬಸ್ಸು ಅಂತ ಬಂಟ್ವಾಳದ ಬಸ್ಸಿಗೆ ಹತ್ತಿದ್ದು. ಆ ಮಗ ಕೈ ಹಿಡಿಯದಿದ್ರೆ ನಾನು ಬಂಟ್ವಾಳ ಪೇಟೆಯಲ್ಲಿ ಯಾರ ಮನೆಗೆ ಹೋಗ್ಬೇಕಿತ್ತು? ನನ್ನ ಹತ್ರ ಮಾತಾಡುವವರೆಲ್ಲ ಬೊಬ್ಬೆಯೇ ಹಾಕುವುದು. ಇವಳು ನನ್ನ ಮಗಳು, ಇವಳೂ ದಿನಾ ಬೊಬ್ಬೆ ಹಾಕ್ತಾಳೆ. ಇವಳನ್ನು ಸಹ ಹೊಡೀಲಿಕ್ಕೆ ಬರ್ತೀರಾ? ವಿಡಿಯೋ ಮಾಡಿದವನಿಗೆ ಕಾರು ಉಂಟಲ್ಲ, ಅಜ್ಜಿಯನ್ನು ನೋಡಿ ಅಷ್ಟು ಬೇಜಾರಾದ್ರೆ ಇಳಿದು, ಎಲ್ಲಿಗೆ ಹೋಗ್ತೀರಿ ಅಂತ ಕೇಳ್ಬಹುದಿತ್ತು ಅಲ್ಲವಾ?"

ಅಂಗಳದಾಚೆ ಬೇಲಿಯ ಬಳಿ ಕೂಡಿದ್ದ ನೆರೆಯವರು ಗೊಳ್ಳೆಂದು ನಕ್ಕರು. ಟೀಚರ್ ನಗಲಿಲ್ಲ. ಅಜ್ಜಿಯ ಎರಡೂ ಕೈಗಳನ್ನು ಹಿಡಿದುಕೊಂಡು, "ಚೀಲ ಜೋರಾಗಿ ಇಟ್ಟದ್ದಕ್ಕೆ ನಾನು ಕ್ಷಮೆ ಕೇಳ್ತೇನೆ" ಎಂದು ಕಿವಿಯ ಬಳಿ ಕೂಗಿದರು. "ಅದರಲ್ಲಿ ತೊಂಡೆಕಾಯಿ ಇದ್ದದ್ದು, ಎಂತ ಆಗ್ಲಿಲ್ಲ," ಎಂದರು ಅಜ್ಜಿ.

ಅಜ್ಜಿಯ ವಿಡಿಯೋ ಓಡಿದ ವೇಗ ನೋಡಿದರೆ ಮೊದಲಿನದ್ದು ಬರೀ ನಡೆದುಕೊಂಡು ಹೋದದ್ದು ಎನ್ನಬೇಕು. ಸಂಜೆ ಬೆಳ್ತಂಗಡಿಗೆ ಮರಳುವಷ್ಟರಲ್ಲಿ ಹೋಟೆಲಿನಲ್ಲಿ, ಸಲೂನಿನಲ್ಲಿ, ಆಟೋಸ್ಟ್ಯಾಂಡಿನಲ್ಲಿ ಅಜ್ಜಿಯ ಬೊಬ್ಬೆಯೇ ಕೇಳಿಸುತ್ತಿತ್ತು. ಬಸ್ ಅಭಿಮಾನಿಗಳ ಪುಟದವರು ಉಮೇಶನ ಫೋಟೋ ಹಾಕಿ ಸುತ್ತ ಹೂವು ಬಿಡಿಸಿದ್ದರು. ಹಿಂದೆ ಟೀಚರಿಂದ ಉತ್ತರ ಪಡೆದ ಒಬ್ಬೊಬ್ಬರೇ ಬಂದು ತಮ್ಮ ಕತೆ ಬರೆಯತೊಡಗಿದರು. ಕಾಲೇಜಿನ ಆ ಹುಡುಗಿ ಈಗ ನರ್ಸು. ಚೀಲ ಕಳೆದುಕೊಂಡಿದ್ದವನು ಎಲ್ಲಿದ್ದನೋ, ಅವನೂ ಬಂದ. ಈ ಬಸ್ಸಿನವರು ಸುಳ್ಳು ಹೇಳುವುದಿಲ್ಲ ಎಂದು ಬರೆದ. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮರುದಿನ ವಿಡಿಯೋ ತೆಗೆದವನೇ ಆಫೀಸಿಗೆ ಬಂದ. ಇಪ್ಪತ್ತರ ಆಸುಪಾಸಿನವನು, ಜೊತೆಗೆ ಅವನ ತಂದೆ.

"ತಪ್ಪಾಯ್ತು ಮೇಡಂ. ಚಿಲ್ಲರೆ ಅಂತ ನಾನೇ ಊಹೆ ಮಾಡಿ ಬರೆದದ್ದು. ಈಗಲೇ ಡಿಲೀಟ್ ಮಾಡ್ತೇನೆ."

"ಬೇಡ," ಎಂದರು ಟೀಚರ್. "ಅಳಿಸಿದ್ರೆ ನೋಡಿದವರ ತಲೆಯಲ್ಲಿ ತಪ್ಪು ಮಾತ್ರ ಉಳೀತದೆ. ಅಲ್ಲೇ ಇರ್ಲಿ. ಅದರ ಮೇಲೆಯೇ ನಿಜ ಬರೆಯಿರಿ. ಆಮೇಲೆ ಉಮೇಶನ ಮನೆಗೆ ಹೋಗಿ, ಅವನ ಮಗಳ ಎದುರು ಅದನ್ನೇ ಹೇಳಿ."

ಅವನು ಅಲ್ಲೇ ಕೂತು ಬರೆದ. ಮನೆಗೂ ಹೋದನೆಂದು ಉಮೇಶ ಹೇಳಿದ. ಮಗಳು ಅವನಿಗೆ ಶರಬತ್ತು ಕೊಟ್ಟಳಂತೆ.

ಆ ಸೋಮವಾರ ಬೆಳಗಿನ ಟ್ರಿಪ್ಪು ಪುಂಜಾಲಕಟ್ಟೆಗೆ ಬಂದದ್ದನ್ನು ನಾನು ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದೆ. ಎರಡೂ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. "ದುಂಬು ಪೋಲೆ, ದುಂಬು ಪೋಲೆ!" ಎಂದು ಉಮೇಶ ಎಲ್ಲರನ್ನೂ ಮುಂದಕ್ಕೆ ದೂಡುತ್ತಿದ್ದ. ಅವನ ವಿಸಿಲು ಪೇಟೆಯ ಆ ತುದಿಗೂ ಕೇಳಿಸಿತು. ಸಂಜೆ ಅಳದಂಗಡಿಯ ಯಜಮಾನರಿಂದ ದೂರು ಬಂತು: "ಮಾನ್ಯರೇ, ಬಸ್ಸಿನಲ್ಲಿ ಉಸಿರಾಡಲೂ ಸ್ಥಳವಿಲ್ಲ." ಟೀಚರ್ ಬಿದ್ದು ಬಿದ್ದು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಕ್ಷಮಿಸಿ, ಇದಕ್ಕೆ ನೀವೂ ಕಾರಣ" ಎಂದು ಉತ್ತರ ಬರೆಸಿದರು. ಹಿಂದಿನ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ ವಿಷಯವನ್ನೂ ಸೇರಿಸಿದರು.

ಈಗ ಮಂಡಿನೋವು ಹೆಚ್ಚಾಗಿದೆ, ಬಸ್ಸಿನ ಮೆಟ್ಟಿಲು ಹತ್ತಲು ತಮಗೇ ಆಗುವುದಿಲ್ಲ ಎಂದು ಟೀಚರ್ ಬಸ್ಸು ಮಾರಿ ಮೂಡುಬಿದಿರೆಯಲ್ಲಿ ತಂಗಿಯ ಮನೆಯ ಹತ್ತಿರ ಇದ್ದಾರೆ. ಕಳೆದ ಭಾನುವಾರ ನೋಡಿ ಬರಲು ಹೋದೆ. ಒಬ್ಬರೇ ಕೂತು ಬೇಸರಿಸಿರಬಹುದೆಂದುಕೊಂಡಿದ್ದೆ. ಹೋಗಿ ನೋಡಿದರೆ ಜಗಲಿಯಲ್ಲಿ ಚಪ್ಪಲಿಗಳ ಸಾಲು. ಪೇಟೆಯ ಅಂಗಡಿಯವರು ಫೋನು ಹಿಡಿದುಕೊಂಡು ಸರದಿಗೆ ಕಾಯುತ್ತಿದ್ದರು. ಟೀಚರ ಎದುರು ಒಬ್ಬ ಬೇಕರಿ ಮಾಲಕರು ಕೂತಿದ್ದರು.

"ನೋಡಿ ಟೀಚರ್, ನಮ್ಮ ಬೇಕರಿಗೆ ಯಾರೋ ಒಂದೇ ಸ್ಟಾರ್ ಕೊಟ್ಟಿದ್ದಾರೆ. ಪಫ್ಸ್ ಹಳತು ಅಂತ ಬರೆದಿದ್ದಾರೆ. ಇದು ಎದುರಿನ ಬೇಕರಿಯವರದ್ದೇ ಕೆಲಸ. ಎಂತ ಉತ್ತರ ಬರೀಬೇಕು ಹೇಳಿ."

ಟೀಚರ್ ಕನ್ನಡಕ ಸರಿಮಾಡಿಕೊಂಡು ಅವರ ಕೈಯಲ್ಲಿದ್ದ ಪೊಟ್ಟಣದ ಕಡೆ ನೋಡಿದರು.

"ಅದು ಪಫ್ಸಾ? ಕೊಡಿ ಇಲ್ಲಿ. ಮೊದಲು ತಿಂದು ನೋಡುವ."